ಫಂಕ್ಷನ್ ಎಂದರೇನು? ನಮ್ಮ ಊರಿನ ಲೆಕ್ಕದಲ್ಲಿ ಒಂದು ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳು, ಪಾಲಕರು ಮತ್ತು ಹಳೆಯ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ. ಉಪನ್ಯಾಸಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಇಂಜಿನಿಯರ್)



ಮಹೋತ್ಸವ ಸಮಿತಿಯ ಹಿರಿಯರು ನನಗೆ ಫೋನ್ ಮಾಡಿ, "ತಮ್ಮಾ, ನೀ ಕಂಪ್ಯೂಟರ್ ಕೆಲಸ ಮಾಡ್ತಿ, ಮಕ್ಕಳಿಗೆ ಉಪಯೋಗ ಆಗೋ ಹಂಗ ಅರ್ಧ ತಾಸು ಮಾತಾಡು" ಎಂದರು. ಬೆಂಗಳೂರಿನ ದೊಡ್ಡ ಕಟ್ಟಡಗಳ ಬಗ್ಗೆ, ಸಂಬಳದ ಬಗ್ಗೆ ಮಾತಾಡಿದರೆ ಮಕ್ಕಳಿಗೆ ಉಪಯೋಗ ಆಗುವುದಿಲ್ಲ. ಅದಕ್ಕೇ ನಾನು ಗಣಿತದ ಒಂದೇ ಒಂದು ವಿಷಯ ಆರಿಸಿಕೊಂಡಿದ್ದೇನೆ. ಅದರ ಹೆಸರು ಫಂಕ್ಷನ್.

ಹೆಸರು ಕೇಳಿದ ಕೂಡಲೇ ಹಿಂದೆ ಕುಳಿತ ತಾಯಂದಿರು ನಕ್ಕರು. ನಮ್ಮ ಕಡೆ ಫಂಕ್ಷನ್ ಅಂದರೆ ಮದುವೆ, ತೊಟ್ಟಿಲು, ಮನೆ ಶಾಂತಿ. "ಫಂಕ್ಷನ್ ಐತಿ, ಊಟಕ್ಕ ಬರ್ರಿ" ಅನ್ನುತ್ತೇವೆ. ಗಣಿತದ ಫಂಕ್ಷನ್‌ಗೆ ಯಾರೂ ಊಟಕ್ಕೆ ಕರೆಯುವುದಿಲ್ಲ. ಆದರೆ ಇದರಲ್ಲಿ ಒಂದು ಗಂಭೀರ ಮಾತಿದೆ. ನಮ್ಮ ಮಕ್ಕಳು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಗಣಿತ ಓದುತ್ತಾರೆ. ಬಹುಪದೋಕ್ತಿ, ರೇಖಾತ್ಮಕ ಸಮೀಕರಣ, ಸಮಾಂತರ ಶ್ರೇಢಿ ಎಲ್ಲ ಗೊತ್ತಿರುತ್ತದೆ. ಮುಂದೆ ಸೇಡಂಗೋ ಕಲಬುರಗಿಗೋ ಹೋಗಿ ಪಿಯುಸಿ ಸೈನ್ಸ್ ಸೇರಿದರೆ ಪುಸ್ತಕ ಪೂರ್ತಿ ಇಂಗ್ಲಿಷ್. ಆ ಪುಸ್ತಕದ ಎರಡನೇ ಪಾಠವೇ ಸಂಬಂಧಗಳು ಮತ್ತು ಫಂಕ್ಷನ್‌ಗಳು. ಬುದ್ಧಿವಂತ ಮಕ್ಕಳು ಆ ಎರಡನೇ ಪಾಠದಲ್ಲೇ, "ಇದು ನಮ್ಮಂಥವರಿಗಲ್ಲ" ಅಂದುಕೊಂಡು ಸೈನ್ಸ್ ಬಿಟ್ಟು ಬರುವುದನ್ನು ನಾನು ನೋಡಿದ್ದೇನೆ. ಅವರಿಗೆ ಗಣಿತ ಬರುವುದಿಲ್ಲ ಎಂದಲ್ಲ. ಒಂದು ಶಬ್ದದ ಹಿಂದಿರುವ ಸರಳ ಅರ್ಥವನ್ನು ಯಾರೂ ಕನ್ನಡದಲ್ಲಿ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ. ಆ ಕೆಲಸ ಇವತ್ತು ಮಾಡೋಣ.

ಒಂದು ಕೊಟ್ಟರೆ ಒಂದೇ ಉತ್ತರ

ಫಂಕ್ಷನ್ ಅಂದರೆ ಒಂದು ನಿಯಮ. ಅದಕ್ಕೆ ಏನಾದರೂ ಒಂದನ್ನು ಕೊಟ್ಟರೆ, ಅದು ಒಂದು ಉತ್ತರ ಕೊಡುತ್ತದೆ, ಒಂದೇ ಉತ್ತರ ಕೊಡುತ್ತದೆ. ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ಜೋಳ ಹಾಕಿದರೆ ಜೋಳದ ಹಿಟ್ಟು, ಗೋಧಿ ಹಾಕಿದರೆ ಗೋಧಿ ಹಿಟ್ಟು. ಜೋಳ ಹಾಕಿದಾಗ ಒಮ್ಮೆ ಜೋಳದ ಹಿಟ್ಟು, ಇನ್ನೊಮ್ಮೆ ಕಡಲೆ ಹಿಟ್ಟು ಬಂದರೆ ಆ ಗಿರಣಿಯನ್ನು ಯಾರೂ ನಂಬುವುದಿಲ್ಲ.

ಕನ್ನಡದ ಗಣಿತ ಪುಸ್ತಕಗಳಲ್ಲಿ ಇದನ್ನು ಉತ್ಪನ್ನ ಎಂದೂ ಫಲನ ಎಂದೂ ಕರೆದಿದ್ದಾರೆ. ಜರ್ಮನಿಯ ಲೈಬ್ನಿಟ್ಸ್ 1673ರಲ್ಲಿ ಈ ಶಬ್ದವನ್ನು ಗಣಿತಕ್ಕೆ ತಂದ. ನೀವು ಪಿಯುಸಿಯಲ್ಲಿ ನೋಡುವ "ಎಫ್ ಆಫ್ ಎಕ್ಸ್" ಎಂಬ ಬರವಣಿಗೆಯನ್ನು 1734ರಲ್ಲಿ ಬಳಕೆಗೆ ತಂದವನು ಆಯ್ಲರ್. "ಎಫ್" ಅಂದರೆ ಗಿರಣಿಯ ಹೆಸರು. ಕಂಸದೊಳಗಿನ "ಎಕ್ಸ್" ಅಂದರೆ ಗಿರಣಿಗೆ ಹಾಕಿದ ಕಾಳು. ಅಷ್ಟರ ಮೇಲೆ ಅದರಲ್ಲಿ ಭಯಪಡುವಂಥದ್ದು ಏನೂ ಇಲ್ಲ.

ಈಗ ಮಕ್ಕಳಿಗೊಂದು ಪರೀಕ್ಷೆ. ಮಗುವಿನ ಹೆಸರು ಹೇಳಿದರೆ ಅದನ್ನು ಹೆತ್ತ ತಾಯಿಯ ಹೆಸರು ಹೇಳುವ ನಿಯಮ ಫಂಕ್ಷನ್ ಹೌದೋ ಅಲ್ಲವೋ? ಹೌದು. ಪ್ರತಿ ಮಗುವಿಗೂ ಹೆತ್ತ ತಾಯಿ ಒಬ್ಬಳೇ. ಅದನ್ನೇ ತಿರುಗಿಸಿ, ತಾಯಿಯ ಹೆಸರು ಹೇಳಿದರೆ ಮಗುವಿನ ಹೆಸರು ಹೇಳಬೇಕು ಎಂದರೆ? ಒಬ್ಬ ತಾಯಿಗೆ ಮೂವರು ಮಕ್ಕಳಿದ್ದರೆ ಯಾರ ಹೆಸರು ಹೇಳುವುದು? ಹಾಗಾಗಿ ಅದು ಫಂಕ್ಷನ್ ಅಲ್ಲ. ಇಬ್ಬರು ಮಕ್ಕಳು ಒಂದೇ ತಾಯಿಯನ್ನು ತೋರಿಸಬಹುದು, ತಪ್ಪಿಲ್ಲ. ಒಂದು ಮಗು ಇಬ್ಬರು ತಾಯಂದಿರನ್ನು ತೋರಿಸುವಂತಿಲ್ಲ. ಈ ವ್ಯತ್ಯಾಸ ತಿಳಿದರೆ ಪಾಠದ ಅರ್ಧ ಮುಗಿದಂತೆ.

ಸೂತ್ರವಿಲ್ಲದ ಫಂಕ್ಷನ್

ಫಂಕ್ಷನ್ ಅಂದರೆ ಯಾವಾಗಲೂ ಒಂದು ಸೂತ್ರ ಇರಲೇಬೇಕು ಎಂದು ಮಕ್ಕಳು ತಿಳಿಯುತ್ತಾರೆ. ಹಾಗಿಲ್ಲ. ಒಂದು ಪಟ್ಟಿಯೂ ಫಂಕ್ಷನ್ ಆಗಬಹುದು. ನಮ್ಮ ಜಿಲ್ಲೆಯ ತೊಗರಿಯನ್ನೇ ತೆಗೆದುಕೊಳ್ಳಿ. 2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕೇಂದ್ರ ಸರ್ಕಾರ ಒಂದು ಕ್ವಿಂಟಲ್ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಹೀಗಿದೆ:

2022-23ಕ್ಕೆ 6,600 ರೂಪಾಯಿ
2023-24ಕ್ಕೆ 7,000 ರೂಪಾಯಿ
2024-25ಕ್ಕೆ 7,550 ರೂಪಾಯಿ
2025-26ಕ್ಕೆ 8,000 ರೂಪಾಯಿ

ವರ್ಷ ಹೇಳಿದರೆ ಬೆಲೆ ಸಿಗುತ್ತದೆ, ಒಂದು ವರ್ಷಕ್ಕೆ ಒಂದೇ ಬೆಲೆ. ಇದು ಫಂಕ್ಷನ್. ಇದಕ್ಕೆ ಸೂತ್ರವಿಲ್ಲ. ಏರಿಕೆ ಒಮ್ಮೆ 400, ಆಮೇಲೆ 550, ಆಮೇಲೆ 450. ಸಮಾಂತರ ಶ್ರೇಢಿಯೂ ಅಲ್ಲ. ಆದರೂ ಫಂಕ್ಷನ್. ಇದಕ್ಕೆ ನಾವು "ಬೆ" ಎಂದು ಹೆಸರಿಡೋಣ. ಬೆ(2023-24) = 7,000. ಆಯ್ಲರನ ಬರವಣಿಗೆ ಕನ್ನಡದಲ್ಲೂ ಎಷ್ಟು ಸಲೀಸು ನೋಡಿ.

ಈ ಪಟ್ಟಿಯಲ್ಲಿ ಯಾವ ವರ್ಷಗಳಿವೆಯೋ ಅವಷ್ಟೇ ಈ ಫಂಕ್ಷನ್‌ನ ಕ್ಷೇತ್ರ. ಪಿಯುಸಿ ಪುಸ್ತಕದಲ್ಲಿ ಅದನ್ನು ಡೊಮೈನ್ ಎನ್ನುತ್ತಾರೆ. ನನ್ನ ಪಟ್ಟಿಯಲ್ಲಿಲ್ಲದ ವರ್ಷದ ಬೆಲೆ ಕೇಳಿದರೆ ಈ ಪಟ್ಟಿಗೆ ಉತ್ತರ ಗೊತ್ತಿಲ್ಲ. ಊಹೆ ಮಾಡುವ ಹಕ್ಕು ಅದಕ್ಕಿಲ್ಲ.

ಕೂಡು, ಕಳೆ, ಗುಣಿಸು

ಸಂಖ್ಯೆಗಳನ್ನು ಕೂಡಬಹುದು, ಕಳೆಯಬಹುದು. ಫಂಕ್ಷನ್‌ಗಳನ್ನೂ ಹಾಗೇ ಕೂಡಬಹುದು, ಕಳೆಯಬಹುದು, ಗುಣಿಸಬಹುದು. ಹೇಗೆ ಎಂದು ಒಂದು ಹೊಲದಲ್ಲಿ ನೋಡೋಣ. ನಾಲ್ಕು ಎಕರೆ ಒಣ ಬೇಸಾಯ, ತೊಗರಿ ಬೆಳೆ ಎಂದುಕೊಳ್ಳಿ. ಈ ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು. ರೈತನ ಹತ್ತಿರ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಎರಡು ಪಟ್ಟಿಗಳಿವೆ.

ಮೊದಲನೆಯದು ಇಳುವರಿ, ಅದಕ್ಕೆ "ಇ" ಎನ್ನೋಣ. 2022-23ರಲ್ಲಿ 12 ಕ್ವಿಂಟಲ್, 2023-24ರಲ್ಲಿ 8, 2024-25ರಲ್ಲಿ 16.

ಎರಡನೆಯದು ಖರ್ಚು, ಅದಕ್ಕೆ "ಖ" ಎನ್ನೋಣ. ಬೀಜ, ಗೊಬ್ಬರ, ಔಷಧಿ, ಕೂಲಿ ಎಲ್ಲ ಸೇರಿ ಕ್ರಮವಾಗಿ 48,000, 52,000, 56,000 ರೂಪಾಯಿ.

ಬೆಂಬಲ ಬೆಲೆಗೇ ಮಾರಿದರೆ ಆದಾಯ ಎಷ್ಟು? ಬೆಲೆಯನ್ನು ಇಳುವರಿಯಿಂದ ಗುಣಿಸಬೇಕು. ಆಯಾ ವರ್ಷದ ಬೆಲೆ, ಆಯಾ ವರ್ಷದ ಇಳುವರಿ. ಇದೇ ಎರಡು ಫಂಕ್ಷನ್‌ಗಳ ಗುಣಲಬ್ಧ. ಮೊದಲ ವರ್ಷ 79,200. ಎರಡನೇ ವರ್ಷ 56,000. ಮೂರನೇ ವರ್ಷ 1,20,800. ಇದರಲ್ಲಿ ಖರ್ಚಿನ ಫಂಕ್ಷನ್ ಕಳೆದರೆ ಲಾಭದ ಫಂಕ್ಷನ್ ಬರುತ್ತದೆ: 31,200, ಆಮೇಲೆ 4,000, ಆಮೇಲೆ 64,800.

ಇಲ್ಲಿ ಸ್ವಲ್ಪ ನಿಲ್ಲೋಣ. ಮೊದಲ ವರ್ಷದಿಂದ ಎರಡನೇ ವರ್ಷಕ್ಕೆ ಬೆಲೆ ಏರಿತು. ಆದರೆ ಆದಾಯ ಇಳಿಯಿತು. ಯಾಕೆ? ಗುಣಲಬ್ಧದಲ್ಲಿ ಇಬ್ಬರು ಪಾಲುದಾರರಿದ್ದಾರೆ. ಒಬ್ಬ ಮೇಲೆ ಹೋದರೂ ಇನ್ನೊಬ್ಬ ಅದಕ್ಕಿಂತ ಜೋರಾಗಿ ಕೆಳಗೆ ಬಿದ್ದರೆ ಉತ್ತರ ಕೆಳಗೇ ಬರುತ್ತದೆ. "ಬೆಲೆ ಏರಿತಲ್ಲ, ರೈತನಿಗೆ ಇನ್ನೇನು ಬೇಕು" ಎಂದು ಕೇಳುವವರಿಗೆ ಕೊಡಬೇಕಾದ ಉತ್ತರ ಇದು, ಮತ್ತು ಇದು ಪಕ್ಕಾ ಬೀಜಗಣಿತ.

ಇನ್ನೊಂದು ಮಾತು. ಬೆಲೆಯ ಪಟ್ಟಿ 2025-26ರವರೆಗೆ ಇದೆ. ನೋಟ್‌ಬುಕ್ಕಿನ ಪಟ್ಟಿ 2024-25ಕ್ಕೆ ನಿಂತಿದೆ. ಹಾಗಾದರೆ 2025-26ರ ಆದಾಯ ಎಷ್ಟು? ಹೇಳಲಾಗದು. ಎರಡು ಫಂಕ್ಷನ್‌ಗಳನ್ನು ಕೂಡಲಿ, ಕಳೆಯಲಿ, ಗುಣಿಸಲಿ, ಎರಡಕ್ಕೂ ಉತ್ತರ ಗೊತ್ತಿರುವ ಜಾಗದಲ್ಲಿ ಮಾತ್ರ ಹೊಸ ಫಂಕ್ಷನ್‌ಗೆ ಉತ್ತರ ಇರುತ್ತದೆ. ಪುಸ್ತಕದಲ್ಲಿ ಇದನ್ನು ಎರಡು ಕ್ಷೇತ್ರಗಳ ಛೇದನ ಎಂದು ಬರೆದಿರುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಹೊಲದ ಲೆಕ್ಕ ಬರೆದಿಡದ ವರ್ಷಕ್ಕೆ ಲಾಭ ನಷ್ಟ ಕೇಳಬಾರದು. ಹಿರಿಯರೇ, ದಯವಿಟ್ಟು ಬರೆದಿಡಿ. ಬರೆಯಲು ಬರುವ ಮಗ ಮಗಳು ಮನೆಯಲ್ಲೇ ಇದ್ದಾರೆ.

ಭಾಗಾಕಾರ, ಸೊನ್ನೆ ಮತ್ತು ಮಳಖೇಡ

ಈಗ ಭಾಗಾಕಾರ. ಒಂದು ಕ್ವಿಂಟಲ್ ತೊಗರಿ ಬೆಳೆಯಲು ಎಷ್ಟು ಖರ್ಚಾಯಿತು? ಖರ್ಚನ್ನು ಇಳುವರಿಯಿಂದ ಭಾಗಿಸಬೇಕು. ಮೊದಲ ವರ್ಷ 4,000. ಎರಡನೇ ವರ್ಷ 6,500. ಮೂರನೇ ವರ್ಷ 3,500. ಎರಡನೇ ವರ್ಷ ಮಾರಿದ್ದು 7,000ಕ್ಕೆ, ಬೆಳೆದದ್ದು 6,500ಕ್ಕೆ. ಕ್ವಿಂಟಲ್‌ಗೆ ಉಳಿದದ್ದು ಬರೀ 500 ರೂಪಾಯಿ.

ಒಂದು ವರ್ಷ ನೆಟೆ ರೋಗ ಬಂದು ಬೆಳೆ ಪೂರ್ತಿ ಒಣಗಿತು ಎಂದುಕೊಳ್ಳಿ. ಇಳುವರಿ ಸೊನ್ನೆ. ಖರ್ಚು 56,000. ಈಗ ಕ್ವಿಂಟಲ್‌ಗೆ ಎಷ್ಟು ಖರ್ಚಾಯಿತು? 56,000 ಭಾಗಿಸು ಸೊನ್ನೆ. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದರೆ "ಎರರ್" ಎನ್ನುತ್ತದೆ.

ಈ ಪ್ರಶ್ನೆಗೂ ನಮ್ಮ ತಾಲೂಕಿಗೂ ಹಳೆಯ ನಂಟಿದೆ. ನಮ್ಮ ಸೇಡಂ ತಾಲೂಕಿನಲ್ಲೇ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ "ಗಣಿತಸಾರಸಂಗ್ರಹ" ಎಂಬ ಸಂಸ್ಕೃತ ಗ್ರಂಥ ಬರೆದ. ಗ್ರಂಥದ ಆರಂಭದಲ್ಲಿ ಅಮೋಘವರ್ಷನನ್ನು ಹೊಗಳಿದ್ದಾನೆ. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಗಣಿತ ಎಲ್ಲ ಅದರಲ್ಲಿದೆ. ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಣಿತ ಚರಿತ್ರೆಕಾರರೆಲ್ಲ ಓದಿದರು. ನಾವು ಮಳಖೇಡಕ್ಕೆ ಹೋದಾಗ ಕೋಟೆ ನೋಡಿ ಬರುತ್ತೇವೆ. ಇಂಥ ಒಬ್ಬ ಗಣಿತಜ್ಞನ ಹೆಸರೂ ಆ ಊರಿನ ಜೊತೆ ಸೇರಿದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಮಹಾವೀರಾಚಾರ್ಯ ಸೊನ್ನೆಯ ಬಗ್ಗೆ ಏನು ಹೇಳಿದ? ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದ, ಅದು ಸರಿ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದ. ಅದು ಇವತ್ತಿನ ಗಣಿತಕ್ಕೆ ಒಪ್ಪಿಗೆಯಿಲ್ಲ. ಯಾರಿಗೂ ಹಂಚದಿದ್ದರೆ ಇದ್ದದ್ದು ಇದ್ದ ಹಾಗೇ ಇರುತ್ತದಲ್ಲ ಎಂಬ ಯೋಚನೆ ಅದರ ಹಿಂದೆ ಇದ್ದಿರಬಹುದು. ಅವನಿಗಿಂತ ಮೊದಲು 628ರಲ್ಲಿ ಬ್ರಹ್ಮಗುಪ್ತ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ. 12ನೇ ಶತಮಾನದಲ್ಲಿ ಎರಡನೇ ಭಾಸ್ಕರ, ಸೊನ್ನೆಯಿಂದ ಭಾಗಿಸಿದ ರಾಶಿಗೆ "ಖಹರ" ಎಂದು ಹೆಸರಿಟ್ಟು ಅದು ಅನಂತ ಎಂದ. ಮೂವರು ಮಹಾನ್ ಪಂಡಿತರು, ಮೂರು ಉತ್ತರ. ಇವತ್ತಿನ ಬೀಜಗಣಿತ ಹೇಳುವುದು ಬೇರೆ: ಸೊನ್ನೆಯಿಂದ ಭಾಗಿಸುವ ಪ್ರಶ್ನೆಯನ್ನೇ ಕೇಳುವಂತಿಲ್ಲ. ಯಾಕೆಂದರೆ 56,000 ಭಾಗಿಸು ಸೊನ್ನೆ ಎಂಬುದಕ್ಕೆ ಒಂದು ಉತ್ತರ ಇದೆ ಎಂದಾದರೆ, ಆ ಉತ್ತರವನ್ನು ಸೊನ್ನೆಯಿಂದ ಗುಣಿಸಿದಾಗ 56,000 ಬರಬೇಕು. ಯಾವುದನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ ಬರುತ್ತದೆ. ಆದ್ದರಿಂದ ಅಂಥ ಸಂಖ್ಯೆ ಇಲ್ಲ.

ಹೀಗಾಗಿ ಎರಡು ಫಂಕ್ಷನ್‌ಗಳನ್ನು ಭಾಗಿಸುವಾಗ ಒಂದು ಷರತ್ತು ಹೆಚ್ಚಾಗಿ ಸೇರುತ್ತದೆ. ಕೆಳಗಿನ ಫಂಕ್ಷನ್ ಎಲ್ಲೆಲ್ಲಿ ಸೊನ್ನೆಯಾಗುತ್ತದೋ ಆ ಜಾಗಗಳನ್ನು ಕ್ಷೇತ್ರದಿಂದ ತೆಗೆದುಹಾಕಬೇಕು. ಬೆಳೆ ಪೂರ್ತಿ ಹೋದ ರೈತನ ಮುಂದೆ "ಕ್ವಿಂಟಲ್‌ಗೆ ಎಷ್ಟು ಬಿತ್ತು" ಎಂದು ಕೇಳಬಾರದು. ಕೇಳಬೇಕಾದದ್ದು "ಒಟ್ಟು ಎಷ್ಟು ಹೋಯಿತು" ಎಂದು. ಅದು ಕಳೆಯುವ ಲೆಕ್ಕ. ಅದಕ್ಕೆ ಉತ್ತರ ಇದೆ.

ಒಂದು ಗುಂಟೆಯ ಪಾಠ

ಇದೇ ಮಹಾವೀರಾಚಾರ್ಯ ಇನ್ನೊಂದು ಮಾತನ್ನು ಬಹಳ ಸ್ಪಷ್ಟವಾಗಿ ಹೇಳಿದ್ದಾನೆ. ಧನ ಸಂಖ್ಯೆಯ ವರ್ಗವೂ ಧನ, ಋಣ ಸಂಖ್ಯೆಯ ವರ್ಗವೂ ಧನ. ಹಾಗಾಗಿ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ. ಕ್ಷೇತ್ರ, ಅಂದರೆ ಡೊಮೈನ್ ಎಂಬ ಶಬ್ದ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ, ವರ್ಗಮೂಲ ಎಂಬ ಗಿರಣಿಗೆ ಯಾವ ಕಾಳು ಹಾಕಬಾರದು ಎಂದು ಅವನು ಹೇಳಿಬಿಟ್ಟಿದ್ದ.

ಇದನ್ನು ಭೂಮಿಯ ಮೇಲೆ ನೋಡೋಣ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಚೌಕದ ಜಾಗವಾದರೆ ಪ್ರತಿ ಬದಿ 33 ಅಡಿ. ಬದಿ ಕೊಟ್ಟರೆ ವಿಸ್ತೀರ್ಣ ಹೇಳುವುದು ವರ್ಗದ ಫಂಕ್ಷನ್. ವಿಸ್ತೀರ್ಣ ಕೊಟ್ಟರೆ ಬದಿ ಹೇಳುವುದು ವರ್ಗಮೂಲದ ಫಂಕ್ಷನ್. ಒಂದು ಮಾಡಿದ್ದನ್ನು ಇನ್ನೊಂದು ತಿರುಗಿಸುತ್ತದೆ. ಇಂಥವನ್ನು ವಿಲೋಮ ಎನ್ನುತ್ತಾರೆ.

ಈಗ ಪ್ರತಿ ವರ್ಷ ಹತ್ತನೇ ತರಗತಿಯ ಉತ್ತರ ಪತ್ರಿಕೆಗಳಲ್ಲಿ ಕಾಣುವ ಒಂದು ತಪ್ಪನ್ನು ತಿದ್ದೋಣ. ಎ ಪ್ಲಸ್ ಬಿ, ಪೂರ್ತಿಯ ವರ್ಗ ಎಷ್ಟು ಎಂದು ಕೇಳಿದರೆ ಕೆಲವರು "ಎ ವರ್ಗ ಪ್ಲಸ್ ಬಿ ವರ್ಗ" ಎಂದು ಬರೆಯುತ್ತಾರೆ. ಅಣ್ಣನ ಹತ್ತಿರ 33 ಅಡಿಯ ಚೌಕ, ತಮ್ಮನ ಹತ್ತಿರ 33 ಅಡಿಯ ಚೌಕ ಇದೆ. ಒಬ್ಬೊಬ್ಬರದು ಒಂದು ಗುಂಟೆ, ಒಟ್ಟು ಎರಡು ಗುಂಟೆ. ಈಗ ಬದಿಗಳನ್ನು ಕೂಡಿ 66 ಅಡಿಯ ಚೌಕ ಮಾಡಿ. ಅದು 4,356 ಚದರ ಅಡಿ, ಅಂದರೆ ನಾಲ್ಕು ಗುಂಟೆ! ಉಳಿದ ಎರಡು ಗುಂಟೆ ಎಲ್ಲಿಂದ ಬಂತು? ಅದೇ ಸೂತ್ರದಲ್ಲಿ ಬಿಟ್ಟುಹೋದ "ಎರಡು ಎ ಬಿ". ಮೊದಲು ಕೂಡಿ ಆಮೇಲೆ ವರ್ಗ ಮಾಡುವುದೂ, ಮೊದಲು ವರ್ಗ ಮಾಡಿ ಆಮೇಲೆ ಕೂಡುವುದೂ ಒಂದೇ ಅಲ್ಲ. ಪರೀಕ್ಷೆಯಲ್ಲಿ ಅದನ್ನು ಬಿಟ್ಟರೆ ಅಂಕ ಹೋಗುತ್ತದೆ, ನೋಂದಣಿ ಕಚೇರಿಯಲ್ಲಿ ಬಿಟ್ಟರೆ ಎರಡು ಗುಂಟೆ ಹೋಗುತ್ತದೆ.

ಒಂದರ ನಂತರ ಒಂದು

ಕಡೆಯ ಕ್ರಿಯೆ ಸಂಯೋಜನೆ. ಒಂದು ಫಂಕ್ಷನ್‌ನ ಉತ್ತರವನ್ನು ಇನ್ನೊಂದಕ್ಕೆ ಹಾಕುವುದು. ನಮ್ಮ ಊರಿನವರಿಗೆ ಇದನ್ನು ವಿವರಿಸುವುದೇ ಬೇಡ. 1972ರಲ್ಲಿ ಇಲ್ಲಿ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆ ಶುರುವಾಯಿತು. ಅದು ನಿಂತು ವರ್ಷಗಳೇ ಆದರೂ, ಅದರ ಒಳಗೆ ಏನು ನಡೆಯುತ್ತಿತ್ತು ಎಂದು ಹೇಳಬಲ್ಲ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ಗಣಿಯ ಬಂಡೆ ಕ್ರಷರ್‌ಗೆ ಹೋಗುತ್ತದೆ, ಪುಡಿಯಾಗುತ್ತದೆ. ಪುಡಿ ಭಟ್ಟಿಗೆ ಹೋಗಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕ್ಲಿಂಕರ್ ಆಗುತ್ತದೆ. ಕ್ಲಿಂಕರ್‌ಗೆ ಜಿಪ್ಸಮ್ ಸೇರಿಸಿ ಅರೆದರೆ ಸಿಮೆಂಟು. ಪ್ರತಿ ಹಂತವೂ ಒಂದು ಫಂಕ್ಷನ್. ಮೊದಲ ಯಂತ್ರದಿಂದ ಹೊರಬಂದದ್ದು ಎರಡನೆಯ ಯಂತ್ರ ಒಪ್ಪುವಂಥದ್ದಾಗಿರಬೇಕು. ಬಂಡೆಯನ್ನು ನೇರವಾಗಿ ಭಟ್ಟಿಗೆ ಹಾಕಿದರೆ ನಡೆಯುವುದಿಲ್ಲ.

ವಿಜ್ಞಾನದ ಮಕ್ಕಳಿಗೆ ಒಂದು ಅಂಕಿ: 100 ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಪೂರ್ತಿ ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಎಷ್ಟು ಕಲ್ಲು ಹಾಕಿದರೂ 0.56ರಿಂದ ಗುಣಿಸಿದರೆ ಸಾಕು. ಇದು ಪ್ರಕೃತಿಯೇ ಬರೆದಿಟ್ಟ ರೇಖಾತ್ಮಕ ಫಂಕ್ಷನ್.

ಸಂಯೋಜನೆಯಲ್ಲಿ ಕ್ರಮ ಮುಖ್ಯ. ಹಬ್ಬಕ್ಕೆ ಸೀರೆ ಅಂಗಡಿಗೆ ಹೋಗಿದ್ದೀರಿ. ಸೀರೆಗೆ 2,000 ರೂಪಾಯಿ. ಶೇಕಡಾ 10 ರಿಯಾಯಿತಿ ಇದೆ, ಜೊತೆಗೆ 100 ರೂಪಾಯಿಯ ಕೂಪನ್ ಇದೆ. ಮೊದಲು ರಿಯಾಯಿತಿ ತೆಗೆದರೆ 1,800, ಆಮೇಲೆ ಕೂಪನ್, 1,700. ಮೊದಲು ಕೂಪನ್ ತೆಗೆದರೆ 1,900, ಆಮೇಲೆ ರಿಯಾಯಿತಿ, 1,710. ಅವೇ ಎರಡು ಫಂಕ್ಷನ್, ಕ್ರಮ ಬದಲಾಯಿತು, 10 ರೂಪಾಯಿ ವ್ಯತ್ಯಾಸ. ಸೀರೆಯ ಬೆಲೆ ಎಷ್ಟೇ ಇರಲಿ, ಆ ವ್ಯತ್ಯಾಸ 10 ರೂಪಾಯಿಯೇ. ಯಾಕೆ ಎಂದು ಮನೆಗೆ ಹೋಗಿ ಬಿಡಿಸಿ. ನೂರು ರೂಪಾಯಿಯ ಕೂಪನ್ ಮೇಲೂ ಶೇಕಡಾ 10 ಕಡಿತವಾಯಿತು ಎಂಬುದೇ ಸುಳಿವು.

ಕಂತಿನ ಲೆಕ್ಕ

ಈಗ ತಾಯಂದಿರು ಸ್ವಲ್ಪ ಗಮನ ಕೊಡಬೇಕು. ಇಲ್ಲಿಯವರೆಗೆ ಹೇಳಿದ ಕೂಡು, ಕಳೆ, ಭಾಗಿಸು ಎಲ್ಲ ಈ ಒಂದು ಲೆಕ್ಕಕ್ಕಾಗಿಯೇ ಹೇಳಿದ್ದು.

12,000 ರೂಪಾಯಿ ಸಾಲ. ವರ್ಷಕ್ಕೆ ಶೇಕಡಾ 12, ಫ್ಲಾಟ್ ಬಡ್ಡಿ. ಹನ್ನೆರಡು ಕಂತು. ವರ್ಷದ ಬಡ್ಡಿ 1,440. ತಿಂಗಳಿಗೆ 1,000 ಅಸಲು, 120 ಬಡ್ಡಿ, ಒಟ್ಟು 1,120. ಕೇಳಲು ಹಗುರಾಗಿದೆ. ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ ಎನ್ನುತ್ತಾರೆ.

ಎರಡು ಪಟ್ಟಿ ಮಾಡೋಣ. ಮೊದಲನೆಯದು ಬಡ್ಡಿ: ಪ್ರತಿ ತಿಂಗಳು 120, ಬದಲಾಗುವುದಿಲ್ಲ. ಇದು ಸ್ಥಿರ ಫಂಕ್ಷನ್. ಎರಡನೆಯದು, ತಿಂಗಳ ಆರಂಭದಲ್ಲಿ ನಿಮ್ಮ ಕೈಯಲ್ಲಿ ಉಳಿದಿರುವ ಅಸಲು: ಮೊದಲ ತಿಂಗಳು 12,000, ಎರಡನೇ ತಿಂಗಳು 11,000, ಹೀಗೆ ಇಳಿಯುತ್ತಾ ಹನ್ನೆರಡನೇ ತಿಂಗಳು 1,000. ಈಗ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮೊದಲ ತಿಂಗಳು ನೂರಕ್ಕೆ 1 ರೂಪಾಯಿ. ಏಳನೇ ತಿಂಗಳು ನೂರಕ್ಕೆ 2. ಹತ್ತನೇ ತಿಂಗಳು ನೂರಕ್ಕೆ 4. ಹನ್ನೆರಡನೇ ತಿಂಗಳು ನಿಮ್ಮ ಹತ್ತಿರ ಅವರ ಒಂದೇ ಸಾವಿರ ಇದೆ, ಅದಕ್ಕೂ 120 ಬಡ್ಡಿ. ಅಂದರೆ ನೂರಕ್ಕೆ 12 ರೂಪಾಯಿ, ಒಂದೇ ತಿಂಗಳಿಗೆ!

ಉಳಿದ ಅಸಲಿನ ಮೇಲಷ್ಟೇ ತಿಂಗಳಿಗೆ ಶೇಕಡಾ 1 ಹಾಕಿದ್ದರೆ ಬಡ್ಡಿ ಎಷ್ಟಾಗುತ್ತಿತ್ತು? 120, 110, 100, ಹೀಗೆ 10ರವರೆಗೆ. ಮಕ್ಕಳೇ, ಇದು ನಿಮ್ಮ ಸಮಾಂತರ ಶ್ರೇಢಿ. ಹನ್ನೆರಡು ಪದ, ಮೊದಲ ಪದ 120, ಕೊನೆಯ ಪದ 10, ಮೊತ್ತ 780. ಫ್ಲಾಟ್ ಬಡ್ಡಿಯಲ್ಲಿ ಕಟ್ಟಿದ್ದು 1,440. ವ್ಯತ್ಯಾಸ 660 ರೂಪಾಯಿ. ವರ್ಷವಿಡೀ ಸರಾಸರಿ ನಿಮ್ಮ ಕೈಯಲ್ಲಿದ್ದದ್ದು 6,500 ರೂಪಾಯಿ. ಅದಕ್ಕೆ 1,440 ಬಡ್ಡಿ ಅಂದರೆ ವರ್ಷಕ್ಕೆ ಸುಮಾರು ಶೇಕಡಾ 22. ಹೇಳಿದ್ದು 12.

ಇನ್ನೊಂದು ಸಂತೋಷದ ಮಾತು. ಹದಿಮೂರನೇ ತಿಂಗಳು ಉಳಿದ ಅಸಲು ಸೊನ್ನೆ. ಆಗ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಅಸಲೇ ಇಲ್ಲದ ಮೇಲೆ ಬಡ್ಡಿಯ ದರ ಎಂಬ ಪ್ರಶ್ನೆಯೂ ಇಲ್ಲ. ಆ ತಿಂಗಳೂ ಯಾರಾದರೂ ಬಡ್ಡಿ ಕೇಳಲು ಬಂದರೆ ಲೆಕ್ಕದ ಪುಸ್ತಕ ಮುಂದಿಡಿ.

ಸಣ್ಣ ಸಾಲದ ಕಿರುಕುಳದಿಂದ ನಮ್ಮ ರಾಜ್ಯದಲ್ಲಿ ಕುಟುಂಬಗಳು ಊರು ಬಿಟ್ಟ ಸುದ್ದಿ ನೀವು ಓದಿದ್ದೀರಿ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಆ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ಸಾಲಗಾರರಿಗೆ ನಿಜವಾದ ವಾರ್ಷಿಕ ದರ ತೋರಿಸುವ ಮಾಹಿತಿ ಪತ್ರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ಸಹಿ ಹಾಕುವ ಮೊದಲು ಆ ಪತ್ರ ಕೇಳಿ. ಮನೆಯಲ್ಲಿ ಹತ್ತನೇ ತರಗತಿ ಓದುವ ಮಗಳಿದ್ದರೆ ಅವಳ ಮುಂದೆ ಇಟ್ಟು ಓದಿಸಿ. ಸಾಲ ತೆಗೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಜರೂರತ್ತು ಇದ್ದಾಗ ತೆಗೆಯಲೇಬೇಕು. ಎಷ್ಟಕ್ಕೆ ತೆಗೆಯುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ನನ್ನ ಕೆಲಸ ಮತ್ತು ಒಂದು ವಿನಂತಿ

"ನೀನು ಬೆಂಗಳೂರಿನಲ್ಲಿ ಏನು ಮಾಡ್ತಿ?" ಎಂದು ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ. ಉತ್ತರ ಈಗ ಸುಲಭ. ನಾನು ದಿನವಿಡೀ ಫಂಕ್ಷನ್ ಬರೆಯುತ್ತೇನೆ. ಪ್ರೋಗ್ರಾಮಿಂಗ್‌ನಲ್ಲೂ ಅದರ ಹೆಸರು ಫಂಕ್ಷನ್ ಎಂದೇ. ಸಣ್ಣ ಸಣ್ಣ ಫಂಕ್ಷನ್ ಬರೆದು, ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟು, ಜೋಡಿಸಿ ಒಂದು ಆ್ಯಪ್ ಆಗುತ್ತದೆ. ನೀವು ಫೋನ್‌ನಲ್ಲಿ ಕೋಡ್ ಸ್ಕ್ಯಾನ್ ಮಾಡಿ ಚಹಾದ ದುಡ್ಡು ಕೊಟ್ಟಾಗ ಅದರ ಹಿಂದೆ ಇಂಥ ಸಾವಿರಾರು ಫಂಕ್ಷನ್‌ಗಳು ಓಡುತ್ತವೆ. ನಮ್ಮ ಕೆಲಸದ ದೊಡ್ಡ ಭಾಗ ಏನು ಗೊತ್ತೇ? ಉತ್ತರ ಕಂಡುಹಿಡಿಯುವುದಕ್ಕಿಂತ ಹೆಚ್ಚಾಗಿ, ಏನನ್ನು ಒಳಗೆ ಬಿಡಬಾರದು ಎಂದು ಕಾಯುವುದು. ಸೊನ್ನೆ ಬಂದರೆ ಭಾಗಿಸಬೇಡ, ಋಣ ಸಂಖ್ಯೆ ಬಂದರೆ ವರ್ಗಮೂಲ ತೆಗೆಯಬೇಡ, ಖಾಲಿ ಬಂದರೆ ನಿಲ್ಲು. ಮಹಾವೀರಾಚಾರ್ಯ ಮಾಡಿದ ಕಾವಲಿನ ಕೆಲಸವನ್ನೇ ನಾವು ಕಂಪ್ಯೂಟರ್‌ನಲ್ಲಿ ಮುಂದುವರಿಸಿದ್ದೇವೆ.

ಇದಕ್ಕೆ ಬೇಕಾದ ಗಣಿತ ಈ ಶಾಲೆಯಲ್ಲೇ ನನಗೆ ಸಿಕ್ಕಿತು. ಫರ್ಸಿ ಹಾಸಿದ ಇದೇ ವರಾಂಡದಲ್ಲಿ ನಮ್ಮ ಗಣಿತದ ಸರ್ ಕಲ್ಲುಗಳನ್ನು ಎಣಿಸಿ ವಿಸ್ತೀರ್ಣ ಕಲಿಸಿದರು. ಕನ್ನಡದಲ್ಲಿ ಕಲಿಸಿದರು. ಅರ್ಥವಾಗಿ ಕಲಿತದ್ದು ಯಾವ ಭಾಷೆಗೆ ಹೋದರೂ ಜೊತೆಗೆ ಬರುತ್ತದೆ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ "ವ್ಯವಹಾರಗಣಿತ" ಬರೆದಿದ್ದ. ಗಣಿತಕ್ಕೆ ಕನ್ನಡ ಹೊಸದಲ್ಲ.

ಹಳೆಯ ವಿದ್ಯಾರ್ಥಿಗಳಿಗೆ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವಕ್ಕೆ ನಾವು ದೇಣಿಗೆ ಕೊಟ್ಟಿದ್ದೇವೆ, ಗೇಟು ಕಟ್ಟಿಸಿದ್ದೇವೆ, ಒಳ್ಳೆಯದು. ಅದರ ಜೊತೆ ಇನ್ನೊಂದು ಕೊಡೋಣ. ಹತ್ತನೇ ತರಗತಿ ಪರೀಕ್ಷೆ ಮುಗಿದು ಪಿಯುಸಿ ಶುರುವಾಗುವವರೆಗೆ ಮಕ್ಕಳ ಕೈಯಲ್ಲಿ ಕೆಲವು ವಾರ ಬಿಡುವಿರುತ್ತದೆ. ಆ ವಾರಗಳಲ್ಲಿ ಪಿಯುಸಿಯ ಮೊದಲ ಕೆಲವು ಪಾಠಗಳನ್ನು, ಇಂಗ್ಲಿಷ್ ಶಬ್ದ ಇಟ್ಟುಕೊಂಡೇ, ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ತರಗತಿ ಇಲ್ಲೇ ನಡೆಸೋಣ. ಭಾನುವಾರ ಎರಡು ತಾಸು ಫೋನ್‌ನಲ್ಲಿ ಪಾಠ ಹೇಳಲು ನಾನು ಸಿದ್ಧ. ಬರಹ ಬಲ್ಲ ಇಂಜಿನಿಯರ್‌ಗಳು, ಶಿಕ್ಷಕರು, ಬ್ಯಾಂಕಿನಲ್ಲಿರುವವರು ಈ ಸಭೆಯಲ್ಲಿ ಎಷ್ಟೋ ಮಂದಿ ಇದ್ದೀರಿ. ಕಾರ್ಯಕ್ರಮ ಮುಗಿದ ಮೇಲೆ ಗಣಿತದ ಶಿಕ್ಷಕರ ಹತ್ತಿರ ಇರುವ ರಿಜಿಸ್ಟರ್‌ನಲ್ಲಿ ಹೆಸರು ಬರೆಸಿ ಹೋಗಿ.

ಮಕ್ಕಳೇ, ನಿಮಗೆ ಒಂದೇ ಮಾತು. ಪಿಯುಸಿಯ ಎರಡನೇ ಪಾಠ ತೆರೆದಾಗ ಹೆದರಬೇಡಿ. ಅಲ್ಲಿರುವುದು ತೊಗರಿಯ ಬೆಲೆ, ಅವ್ವನ ಕಂತು, ಅಣ್ಣ ತಮ್ಮಂದಿರ ಗುಂಟೆ. ಅವುಗಳಿಗೆ ಇಂಗ್ಲಿಷ್ ಹೆಸರಿಟ್ಟಿದ್ದಾರೆ, ಅಷ್ಟೇ. ಆ ಲೆಕ್ಕ ನಿಮಗೆ ಗೊತ್ತಿರುವುದೇ.